‘ಅನೇಕ’ ಎಂದರೆ ಎಷ್ಟು?

ನೂರು ಕುರಿಗಳಲ್ಲಿ ಒಂದು ತಪ್ಪಿಸಿಕೊಂಡಿತೆಂದು ಆ ಕುರಿಗಾಹಿಗೆ ತಿಳಿದದ್ದು ಹೇಗೆ? ಲೂಕನ ಶುಭಸಂದೇಶದ ಈ ಸಾಮತಿಯನ್ನು ನಾವು ಕರುಣೆಯ ಕಥೆಯಾಗಿ ಧ್ಯಾನಿಸುತ್ತೇವೆ, ಅದು ಸರಿಯೇ. ಆದರೆ ಹುಡುಕಲು ಹೊರಡುವ ಮುನ್ನ ಆತ ಎಣಿಸಿರಲೇಬೇಕು. ಎಣಿಸದವನಿಗೆ ಕಳೆದುಹೋದದ್ದು ತಿಳಿಯುವುದಿಲ್ಲ.

ಕೆಲವು ವರ್ಷಗಳ ಹಿಂದೆ ನಮ್ಮ ಧರ್ಮಕೇಂದ್ರದ ಪಾಲನಾ ಮಂಡಳಿಯು ಸರ್ಕಾರಕ್ಕೆ ಒಂದು ಮನವಿ ಸಲ್ಲಿಸಿತು. ಕಾಲೇಜು ದೂರವೆಂಬ ಕಾರಣಕ್ಕೆ ಹತ್ತನೆಯ ತರಗತಿಗೇ ಓದು ನಿಲ್ಲಿಸುವ ಹೆಣ್ಣುಮಕ್ಕಳಿಗಾಗಿ ತಾಲ್ಲೂಕು ಕೇಂದ್ರದಲ್ಲಿ ಒಂದು ವಿದ್ಯಾರ್ಥಿನಿಲಯ ಬೇಕೆಂಬುದು ನಮ್ಮ ಬೇಡಿಕೆ. ಬರೆದವನು ನಾನೇ. ಭಾಷೆಗೆ ಕೊರತೆಯಿರಲಿಲ್ಲ; ‘ಅನೇಕ ಬಡ ಕುಟುಂಬಗಳು’, ‘ಬಹುಕಾಲದ ಬವಣೆ’ ಎಲ್ಲವೂ ಅದರಲ್ಲಿದ್ದವು. ಅಧಿಕಾರಿಗಳು ಪೂರ್ತಿ ಓದಿ ಸೌಜನ್ಯದಿಂದಲೇ ಕೇಳಿದರು: “ಫಾದರ್, ಅನೇಕ ಅಂದರೆ ಎಷ್ಟು?” ನನ್ನಲ್ಲಿ ಉತ್ತರವಿರಲಿಲ್ಲ. ಮನವಿ ಹಿಂದಿರುಗಿತು. ಆ ವರ್ಷ ಓದು ಬಿಟ್ಟ ಹುಡುಗಿಯೊಬ್ಬಳನ್ನು ಭಾನುವಾರದ ಬಲಿಪೂಜೆಯಲ್ಲಿ ಕಂಡಾಗಲೆಲ್ಲ ಆ ಪ್ರಶ್ನೆ ನನ್ನನ್ನು ಇಂದಿಗೂ ಚುಚ್ಚುತ್ತದೆ.

ಗುರುಮಠದಲ್ಲಿ ಓದಿದ ಪಾಠ ನನಗೆ ಅಂದು ನೆನಪಾಗಬೇಕಿತ್ತು. ಸಂತ ತೋಮಸ್ ಅಕ್ವಿನಾಸರು ಅರಿಸ್ಟಾಟಲನನ್ನು ಅನುಸರಿಸಿ, ವ್ಯಕ್ತಿಗಳ ನಡುವಣ ವಿನಿಮಯದ ನ್ಯಾಯವನ್ನೂ ಸಮಾಜದ ಸೊತ್ತನ್ನು ಅದರ ಸದಸ್ಯರಿಗೆ ಹಂಚುವ ನ್ಯಾಯವನ್ನೂ ಬೇರ್ಪಡಿಸುತ್ತಾರೆ. ಹಂಚಿಕೆಯ ನ್ಯಾಯದ ಜೀವಾಳ ಅನುಪಾತ. ಸಂಖ್ಯೆಯೇ ಇಲ್ಲದೆ ಅನುಪಾತವೆಲ್ಲಿ? ‘ಎಷ್ಟು’ ಎಂಬ ಅಧಿಕಾರಿಯ ಪ್ರಶ್ನೆಯನ್ನು ನಾನು ಅಡ್ಡಿಯೆಂದು ಭಾವಿಸಿದ್ದೆ. ಅದು ನ್ಯಾಯದ ಮೊದಲ ಪ್ರಶ್ನೆಯಾಗಿತ್ತು.

ಉತ್ತರದ ಬಹುಭಾಗವನ್ನು ಸರ್ಕಾರವೇ ಅಚ್ಚು ಮಾಡಿ ಇಟ್ಟಿದೆ. 2011ರ ಜನಗಣತಿಯ ಪ್ರಕಾರ ಕರ್ನಾಟಕದ ಜನಸಂಖ್ಯೆ 6,10,95,297. ಇವರಲ್ಲಿ ಕ್ರೈಸ್ತರು 11,42,647, ಅಂದರೆ ಶೇಕಡಾ 1.87. ಇಂತಹ ರಾಜ್ಯಮಟ್ಟದ ಸಂಖ್ಯೆ ಭಾಷಣಕ್ಕೆ ಸಾಕು, ಮನವಿಗೆ ಸಾಲದು. ಮನವಿಗೆ ಬೇಕಾದುದು ‘ಜಿಲ್ಲಾ ಜನಗಣತಿ ಕೈಪಿಡಿ’. ಪ್ರತಿಯೊಂದು ಗ್ರಾಮದ ಮನೆಗಳು, ಜನರು, ಆರು ವರ್ಷದೊಳಗಿನ ಮಕ್ಕಳು, ಅಕ್ಷರಸ್ಥರು, ದುಡಿಯುವವರು ಎಷ್ಟೆಂಬುದು ಅದರಲ್ಲಿದೆ. ಅದರ ಗ್ರಾಮ ಸೂಚಿಯಲ್ಲಿ ಶಾಲೆ, ಕಾಲೇಜು, ಆಸ್ಪತ್ರೆಗಳು ಊರಿನಲ್ಲಿ ಇಲ್ಲವಾದರೆ ಐದು ಕಿಲೋಮೀಟರಿನೊಳಗೆ ಇವೆಯೋ, ಐದರಿಂದ ಹತ್ತರ ನಡುವೆಯೋ, ಅದಕ್ಕೂ ಆಚೆಯೋ ಎಂದು ಗುರುತಿಸಲಾಗಿದೆ. ‘ಕಾಲೇಜು ಬಹಳ ದೂರ’ ಎಂದು ನಾವು ಬರೆದರೆ ಅದು ಅಳಲು. ಕೈಪಿಡಿಯ ಪುಟವನ್ನು ಲಗತ್ತಿಸಿದರೆ ಅದು ಸಾಕ್ಷ್ಯ.

ಕೆಲವು ಯೋಜನೆಗಳಲ್ಲಂತೂ ಅರ್ಹತೆಯೇ ಸಂಖ್ಯೆಯನ್ನು ಅವಲಂಬಿಸಿರುತ್ತದೆ. 2008ರಲ್ಲಿ ಬೇರೆ ಹೆಸರಿನಿಂದ ಆರಂಭವಾಗಿ 2018ರಲ್ಲಿ ‘ಪ್ರಧಾನಮಂತ್ರಿ ಜನ ವಿಕಾಸ ಕಾರ್ಯಕ್ರಮ’ವಾದ ಯೋಜನೆಯನ್ನೇ ನೋಡಿ. 2022ರ ಪರಿಷ್ಕೃತ ಮಾರ್ಗಸೂಚಿಯು, ಉದ್ದೇಶಿತ ಸ್ಥಳದ ಹದಿನೈದು ಕಿಲೋಮೀಟರ್ ವ್ಯಾಪ್ತಿಯಲ್ಲಿ ಅಲ್ಪಸಂಖ್ಯಾತರು ಶೇಕಡಾ 25ಕ್ಕಿಂತ ಹೆಚ್ಚಿರಬೇಕೆಂದು ವಿಧಿಸಿತು. ನಾವಷ್ಟೇ ಸೇರಿದರೆ ಬಹುತೇಕ ಊರುಗಳಲ್ಲಿ ಆ ಪ್ರಮಾಣ ಮುಟ್ಟುವುದಿಲ್ಲ. ಆದರೆ ಲೆಕ್ಕಕ್ಕೆ ಬರುವವರು ನಾವು ಮಾತ್ರವಲ್ಲ. ಮುಸ್ಲಿಮರು, ಜೈನರು, ಸಿಖ್ಖರು, ಬೌದ್ಧರು, ಪಾರ್ಸಿಗಳೂ ಹೌದು. ನೆರೆಯವರನ್ನು ಬಿಟ್ಟು ನಮ್ಮ ಬೇಡಿಕೆ ನಿಲ್ಲದು.

ಜನಗಣತಿಗೂ ಮಿತಿಯುಂಟು. ಧರ್ಮವಾರು ಅಂಕಿ ತಾಲ್ಲೂಕು ಮತ್ತು ಪಟ್ಟಣದ ಮಟ್ಟದವರೆಗೆ ದೊರೆಯುತ್ತದೆಯೇ ಹೊರತು ಗ್ರಾಮಮಟ್ಟದಲ್ಲಿ ಪ್ರಕಟವಾಗಿಲ್ಲ. ಇನ್ನು, 1950ರ ಪರಿಶಿಷ್ಟ ಜಾತಿಗಳ ಆದೇಶವು ಕ್ರೈಸ್ತರನ್ನು ಹೊರಗಿಟ್ಟಿರುವುದರಿಂದ ನಮ್ಮ ದಲಿತ ಸಹೋದರರು ಪರಿಶಿಷ್ಟರ ಕಾಲಂನಲ್ಲಿ ಕಾಣಿಸುವುದಿಲ್ಲ. ಈ ತೆರವನ್ನು ತುಂಬಬೇಕಾದುದು ಧರ್ಮಕೇಂದ್ರದ ಕುಟುಂಬ ದಾಖಲೆ. ಗುರ್ಕಾರರು ಮನೆಮನೆಗೆ ಹೋಗಿ ಬರೆದು ತಂದದ್ದನ್ನು ಜನಗಣತಿಯ ಪುಟದ ಪಕ್ಕದಲ್ಲಿಟ್ಟು, ಎರಡರ ವರ್ಷವನ್ನೂ ನಮೂದಿಸಿದರೆ ಮನವಿಗೆ ಎರಡು ಕಾಲು ಬಂದಂತೆ.

ನಾವೂ ಹಾಗೆಯೇ ಮಾಡಿದೆವು. ಪುಸ್ತಕದಲ್ಲಿದ್ದ ಹಲವು ಮನೆಗಳಿಗೆ ಬೀಗ ಬಿದ್ದಿತ್ತು. ಕೆಲವರು ಮುಂಬಯಿಯಲ್ಲಿ, ಕೆಲವರು ಗಲ್ಫಿನಲ್ಲಿ. ಹಬ್ಬದ ದಿನ ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದ ಸಂಖ್ಯೆ ನಿಜವಾಗಿರಲಿಲ್ಲ. “ಹಳೆಯ ಲೆಕ್ಕವೇ ಇರಲಿ ಫಾದರ್, ಚೆನ್ನಾಗಿ ಕಾಣುತ್ತದೆ” ಎಂದರು ಹಿರಿಯರೊಬ್ಬರು. ದಾವೀದ ಅರಸನು ತನ್ನ ಬಲದ ಹೆಮ್ಮೆಗಾಗಿ ಜನರನ್ನು ಎಣಿಸಿ ದೇವರ ಕೋಪಕ್ಕೆ ಗುರಿಯಾದುದನ್ನು ಅವರಿಗೆ ನೆನಪಿಸಿದೆ. ನಿಜವಾದ ಸಂಖ್ಯೆಯನ್ನೇ ಬರೆದೆವು. ಅಕ್ಕಪಕ್ಕದ ಗ್ರಾಮಗಳಲ್ಲಿ ಓದು ನಿಲ್ಲಿಸಿದ ಹೆಣ್ಣುಮಕ್ಕಳು ಹನ್ನೊಂದು. ನಮ್ಮವರು ನಾಲ್ವರು ಮಾತ್ರ. ಹನ್ನೊಂದು ಮಂದಿಯ ಪರವಾಗಿಯೂ ಬೇಡಿದೆವು. ಮಂಜೂರಾತಿ ಇನ್ನೂ ಬಂದಿಲ್ಲ. ಆದರೆ ಈ ಬಾರಿ ಮನವಿ ಹಿಂದಿರುಗಲಿಲ್ಲ.

ಪ್ರಿಯ ಓದುಗರೇ, 2021ರಲ್ಲಿ ಆಗಬೇಕಿದ್ದ ಜನಗಣತಿ ನಡೆಯಲಿಲ್ಲ. 2025ರ ಜೂನ್ 16ರ ಅಧಿಸೂಚನೆಯು ದೇಶದ ಬಹುಭಾಗಕ್ಕೆ 2027ರ ಮಾರ್ಚ್ 1ನ್ನು ಮುಂದಿನ ಗಣತಿಯ ಆಧಾರ ದಿನವೆಂದು ನಿಗದಿಪಡಿಸಿತು. ಮುಂದಿನ ಹಲವು ವರ್ಷಗಳ ಹಂಚಿಕೆಗೆ ಆಧಾರವಾಗುವುದು ನಾವು ನೀಡುವ ಉತ್ತರವೇ. ಧರ್ಮವನ್ನಾಗಲಿ, ಮಾತೃಭಾಷೆಯನ್ನಾಗಲಿ, ಮಗಳ ಓದನ್ನಾಗಲಿ ಅಂಜಿಕೆಯಿಂದ ಮುಚ್ಚಿಡಬೇಡಿ. ಅಭಿಮಾನದಿಂದ ಹಿಗ್ಗಿಸಲೂ ಬೇಡಿ. ವ್ಯಕ್ತಿಗತ ವಿವರಗಳ ಗೌಪ್ಯತೆಯನ್ನು 1948ರ ಜನಗಣತಿ ಕಾಯಿದೆಯೇ ಕಾಯುತ್ತದೆ.

ಅಗಸ್ಟಸ್ ಚಕ್ರವರ್ತಿಯ ಆಜ್ಞೆಯಂತೆ ಹೆಸರು ಬರೆಸಲು ಜೋಸೆಫನು ತುಂಬುಗರ್ಭಿಣಿ ಮರಿಯಳೊಡನೆ ಬೆತ್ಲೆಹೇಮಿಗೆ ನಡೆದನು. ಆ ಪ್ರಯಾಣದಲ್ಲೇ ಪ್ರಭು ಜನಿಸಿದರು. ನಮ್ಮನ್ನು ಎಣಿಸಿಕೊಳ್ಳುವುದಕ್ಕೆ ಅಷ್ಟು ದೂರ ನಡೆಯಬೇಕಾಗಿಲ್ಲ. ಬಾಗಿಲು ತೆರೆದು ಸತ್ಯವನ್ನು ಹೇಳಿದರೆ ಸಾಕು.