ಶಾಲಾ ಪತ್ರಿಕೆಗೆ ಸಂಪಾದಕರು ಯಾರು?

ಶಾಲಾ ಪತ್ರಿಕೆಯನ್ನು ಬರೆಯುವವರು ವಿದ್ಯಾರ್ಥಿಗಳು. ಅಚ್ಚಿನ ವೆಚ್ಚದ ಬಹುಪಾಲು ಭರಿಸುವುದು ಶಾಲೆ. ಹಾಗಾದರೆ ಯಾವ ಬರಹ ಪ್ರಕಟವಾಗಬೇಕೆಂದು ನಿರ್ಧರಿಸುವವರು ಯಾರು? ಅಮೆರಿಕದಲ್ಲಿ ಈ ಪ್ರಶ್ನೆ ಸುಪ್ರೀಂ ಕೋರ್ಟ್ ಮೆಟ್ಟಿಲೇರಿತ್ತು.

1983ರ ಮೇ ತಿಂಗಳಲ್ಲಿ ಮಿಸೌರಿ ರಾಜ್ಯದ ಹೇಝಲ್‌ವುಡ್ ಈಸ್ಟ್ ಸರ್ಕಾರಿ ಪ್ರೌಢಶಾಲೆಯ ಮುಖ್ಯಸ್ಥರು ವಿದ್ಯಾರ್ಥಿಗಳ 'ಸ್ಪೆಕ್ಟ್ರಮ್' ಪತ್ರಿಕೆಯ ಎರಡು ಪುಟಗಳನ್ನು ತಡೆಹಿಡಿದರು. ಹದಿಹರೆಯದ ಗರ್ಭಧಾರಣೆ ಹಾಗೂ ಪೋಷಕರ ವಿಚ್ಛೇದನ ಕುರಿತ ಎರಡು ಲೇಖನಗಳಿಗೆ ಅವರ ಆಕ್ಷೇಪವಿತ್ತು. ಹೆಸರು ಬದಲಿಸಿದ್ದರೂ ಗರ್ಭಿಣಿ ವಿದ್ಯಾರ್ಥಿನಿಯರ ಗುರುತು ಬಯಲಾಗಬಹುದು ಎಂಬುದು ಅವರ ವಾದ. ಅದೇ ಪುಟಗಳ ಉಳಿದ ಬರಹಗಳೂ ಬೆಳಕು ಕಾಣಲಿಲ್ಲ. ಪತ್ರಿಕೆಯ ಮೂವರು ವಿದ್ಯಾರ್ಥಿನಿಯರು ನ್ಯಾಯಾಲಯದ ಮೊರೆಹೋದರು.

ಅವರ ಬೆಂಬಲಕ್ಕಿದ್ದುದು 1969ರ ಟಿಂಕರ್ ತೀರ್ಪು. ವಿಯೆಟ್ನಾಂ ಯುದ್ಧವನ್ನು ವಿರೋಧಿಸಿ ಕಪ್ಪು ತೋಳುಪಟ್ಟಿ ಧರಿಸಿದ್ದ ವಿದ್ಯಾರ್ಥಿಗಳ ಹಕ್ಕನ್ನು ಸುಪ್ರೀಂ ಕೋರ್ಟ್ ಅಂದು ಎತ್ತಿಹಿಡಿದಿತ್ತು. ಆದರೆ 1988ರ ಜನವರಿ 13ರಂದು ಅದೇ ನ್ಯಾಯಾಲಯ 5-3ರ ಬಹುಮತದಿಂದ ಶಾಲೆಯ ಪರ ನಿಂತಿತು. ತೋಳುಪಟ್ಟಿ ವಿದ್ಯಾರ್ಥಿಯ ಸ್ವಂತ ಅಭಿವ್ಯಕ್ತಿ. ಪತ್ರಿಕೆಯಾದರೋ ಪಠ್ಯಕ್ರಮದ ಭಾಗ, ಬೋಧನೆಗೆ ಸಂಬಂಧಿಸಿದ ಸಮಂಜಸ ಕಾರಣವಿದ್ದರೆ ಶಾಲೆ ಕತ್ತರಿ ಪ್ರಯೋಗಿಸಬಹುದು ಎಂಬುದು ತೀರ್ಪಿನ ತಿರುಳು. ನ್ಯಾಯಮೂರ್ತಿ ಬ್ರೆನನ್ ಸೇರಿದಂತೆ ಮೂವರು ಭಿನ್ನಮತ ದಾಖಲಿಸಿದರು.

ಆದಾಗ್ಯೂ ಈ ತೀರ್ಪು ನಿಗದಿಪಡಿಸಿದ್ದು ಕನಿಷ್ಠ ರಕ್ಷಣೆಯನ್ನು ಮಾತ್ರ. ಹೆಚ್ಚಿನ ರಕ್ಷಣೆ ನೀಡಲು ರಾಜ್ಯಗಳು ಸ್ವತಂತ್ರ. ಕ್ಯಾಲಿಫೋರ್ನಿಯಾ 1977ರಲ್ಲೇ ಅಂಥ ಕಾನೂನು ರೂಪಿಸಿತ್ತು. ಬಳಿಕ ಹತ್ತಕ್ಕೂ ಹೆಚ್ಚು ರಾಜ್ಯಗಳು ಅದೇ ಹಾದಿ ಹಿಡಿದವು. ಅಶ್ಲೀಲತೆ, ಮಾನಹಾನಿ ಅಥವಾ ಶಾಲೆಯ ಶಿಸ್ತಿಗೆ ಗಂಭೀರ ಧಕ್ಕೆ ತರುವಂಥ ಬರಹವಲ್ಲದಿದ್ದರೆ ಕ್ಯಾಲಿಫೋರ್ನಿಯಾದಲ್ಲಿ ತಡೆಯೊಡ್ಡುವಂತಿಲ್ಲ. ಹೀಗಾಗಿ ಒಂದು ರಾಜ್ಯದಲ್ಲಿ ಅಚ್ಚಾಗುವ ಲೇಖನ ಮತ್ತೊಂದು ರಾಜ್ಯದಲ್ಲಿ ಮುಖ್ಯಸ್ಥರ ಮೇಜಿನಲ್ಲೇ ಉಳಿಯಬಹುದು.