ಲಯದೋಷವೂ ಯಂತ್ರದೋಷವೂ

ಕಡಕೋಳ ಮಡಿವಾಳಪ್ಪನವರ, ಅವರ ಶಿಷ್ಯರಾದ ಚನ್ನೂರ ಜಲಾಲಸಾಹೇಬರ, ಖೈನೂರ ಕೃಷ್ಣಪ್ಪನವರ ತತ್ತ್ವಪದಗಳು ಕೊರಳಿನಿಂದ ಕೊರಳಿಗೆ ಹರಿದುಬಂದಿರುವ ಗುರುಮಠಕಲ್ಲಿನ ಸೀಮೆಯಲ್ಲಿ, ಇರುಳೆಲ್ಲ ನಡೆಯುವ ಭಜನೆಯನ್ನು ಮೊಬೈಲಿನಲ್ಲಿ ಮುದ್ರಿಸಿಕೊಂಡು ಗಣಕಯಂತ್ರದಲ್ಲಿ ತಿದ್ದುವ ಕಾರ್ಯವು ಸ್ತುತ್ಯವೇ ಸರಿ. ಆದರೆ ತಾಳ ತಪ್ಪಿದಂತೆ ಕೇಳಿದೊಡನೆ ತಪ್ಪು ಹಾಡುಗಾರನದೆಂದೂ, ತಂತ್ರಾಂಶದ ಒಂದು ಗುಂಡಿಯನ್ನೊತ್ತಿದರೆ ಅದು ಪರಿಹಾರವಾಗುವುದೆಂದೂ ಬಗೆಯುವುದು ಈ ಕಾರ್ಯಕ್ಕೆ ಒದಗಿರುವ ದೊಡ್ಡ ವಿಘ್ನ.

ವಾಸ್ತವದಲ್ಲಿ ಅನೇಕ ವೇಳೆ ತಪ್ಪುವುದು ಯಂತ್ರ. ಏಕತಾರಿಯ ಬಳಿ ಒಂದು, ದಮ್ಮಡಿಯ ಬಳಿ ಒಂದು ಮೊಬೈಲನ್ನಿಟ್ಟು ಮುದ್ರಿಸಿದಾಗ, ಅವೆರಡರ ಒಳಗಡಿಯಾರಗಳಲ್ಲಿ ಹತ್ತು ಲಕ್ಷಕ್ಕೆ 20 ಪಾಲಿನಷ್ಟು ಅಂತರವಿದ್ದರೂ ಒಂದು ಗಂಟೆಯ ಕೊನೆಗೆ ಅವು 72 ಮಿಲಿಸೆಕೆಂಡಿನಷ್ಟು ದೂರ ಸರಿದು, ಮೊದಲ ಪದದಲ್ಲಿ ಕೂಡಿದ್ದ ತಾಳ ಕೊನೆಯ ಪದದಲ್ಲಿ ಒಡೆದು ಕೇಳುತ್ತದೆ. ಆದಿಯಲ್ಲೊಂದು, ಅಂತ್ಯದಲ್ಲೊಂದು ಸ್ಪಷ್ಟವಾದ ಪೆಟ್ಟನ್ನು ಗುರುತಿಸಿಕೊಂಡು, ಎರಡನೆಯ ಟ್ರ್ಯಾಕನ್ನು ಸಮಗ್ರವಾಗಿ ಆ ಪ್ರಮಾಣದಲ್ಲಿ ಹಿಗ್ಗಿಸುವುದೋ ಕುಗ್ಗಿಸುವುದೋ ಇದಕ್ಕೆ ತಕ್ಕ ಚಿಕಿತ್ಸೆ. ಸೆಕೆಂಡಿಗೆ 48,000 ಸ್ಯಾಂಪಲ್ಲುಗಳಂತೆ ಮುದ್ರಿತವಾದುದನ್ನು 44,100ರ ವೇಗದಲ್ಲಿ ನುಡಿಸಿದರೆ ಒಂದು ಗಂಟೆಯ ಭಜನೆ 65 ನಿಮಿಷಗಳಿಗೂ ಮೀರಿ ಬೆಳೆಯುವುದಲ್ಲದೆ ಶ್ರುತಿಯೂ ಸುಮಾರು ಒಂದೂವರೆ ಸ್ವರಸ್ಥಾನದಷ್ಟು ಇಳಿಯುತ್ತದೆ. ಇಲ್ಲಿ ತಿದ್ದಬೇಕಾದುದು ಆ ಸಂಖ್ಯೆಯೊಂದನ್ನೇ. ಬ್ಲೂಟೂತ್ ಹೆಡ್‌ಫೋನಿನಲ್ಲಿ ಹಿಮ್ಮೇಳವನ್ನು ಕೇಳುತ್ತ ಹಾಡಿದವರ ದನಿ ಮೊದಲಿಂದ ಕೊನೆಯವರೆಗೆ ಒಂದೇ ಸಮನೆ ಹಿಂದೆ ಬಿದ್ದಿದ್ದರೆ, ಇಡೀ ಟ್ರ್ಯಾಕನ್ನು ಅಷ್ಟೇ ಮುಂದಕ್ಕೆ ಸರಿಸಿದರೆ ಸಾಕು.

ಕ್ವಾಂಟೈಸ್ ಎಂಬ ಕ್ರಿಯೆಯಾದರೋ ಇವೆಲ್ಲಕ್ಕಿಂತ ಭಿನ್ನವಾದುದು. ಸಮಾನ ಅಂತರದ ಗೆರೆಗಳನ್ನೆಳೆದು ಪ್ರತಿಯೊಂದು ಪೆಟ್ಟನ್ನೂ ಹತ್ತಿರದ ಗೆರೆಗೆ ಎಳೆದು ಕೂರಿಸುವ ಈ ವಿಧಾನವೇ ಲಯಶುದ್ಧಿಯೆಂಬ ನಂಬಿಕೆಯನ್ನು ನಾನು ಸರ್ವಥಾ ಒಪ್ಪಲಾರೆ. ತಾಳವಿಲ್ಲದೆ ಮುಕ್ತವಾಗಿ ಎತ್ತಿಕೊಂಡು, ಪಲ್ಲವಿಯಲ್ಲಿ ನೆಲೆನಿಂತು, ಮೇಳದವರ ಉತ್ಸಾಹವೇರಿದಂತೆ ಗತಿಯನ್ನೂ ಏರಿಸಿಕೊಳ್ಳುತ್ತ ಹೋಗುವುದು ಭಜನೆಯ ಸ್ವಭಾವ; ಅದನ್ನು ಒಂದೇ ಗತಿಯ ಗೆರೆಗಳಿಗೆ ಕಟ್ಟಿದೆವಾದರೆ ಉಳಿಯುವುದು ಪೆಟ್ಟುಗಳ ಲೆಕ್ಕ ಮಾತ್ರ. ತಾಳದೊಡನೆಯೇ ಹಾಡು ಆರಂಭವಾಗುವುದು ಸಮಗ್ರಹ, ತಾಳಕ್ಕಿಂತ ಮೊದಲೇ ಆರಂಭವಾಗುವುದು ಅತೀತ, ಅನಂತರ ಆರಂಭವಾಗುವುದು ಅನಾಗತ ಎಂದು, 13ನೆಯ ಶತಮಾನದಲ್ಲಿ ದೇವಗಿರಿಯ ಯಾದವರ ಆಶ್ರಯದಲ್ಲಿದ್ದ ಶಾರ್ಙ್ಗದೇವನ ‘ಸಂಗೀತ ರತ್ನಾಕರ’ವೇ ಮೂರು ಬಗೆಯನ್ನೂ ಶಾಸ್ತ್ರಸಮ್ಮತವೆಂದು ಎಣಿಸಿರುವಾಗ, ಗೆರೆಯಿಂದ ಸರಿದುದೆಲ್ಲವೂ ದೋಷವೆನ್ನುವುದು ಹೇಗೆ? ಪಲ್ಲಟವು ಉದ್ದೇಶಿತವೋ ಪ್ರಮಾದವೋ ಎಂಬುದನ್ನು ಗೆರೆ ಹೇಳದು. ಅದೇ ಪದದ ಎರಡನೆಯ ಆವೃತ್ತಿಯಲ್ಲಿ ಹಾಡುಗಾರನು ಅದೇ ಎಡೆಯಲ್ಲಿ ಅಷ್ಟೇ ತಡೆದು ನಿಂತನೇ ಎಂದು ಕಿವಿಗೊಟ್ಟು ಕೇಳಿದರೆ ತಿಳಿಯುತ್ತದೆ.

ವೇಗ ಬದಲಾದರೆ ಶ್ರುತಿಯೂ ಬದಲಾಗಲೇಬೇಕೆಂಬುದು ಗ್ರಾಮಫೋನ್ ತಟ್ಟೆಯ, ಟೇಪಿನ ಕಾಲದ ಅನುಭವ. ಬೆಲ್ ಪ್ರಯೋಗಾಲಯದ ಫ್ಲಾನಗನ್ ಮತ್ತು ಗೋಲ್ಡನ್ 1966ರಲ್ಲಿ ಪ್ರಕಟಿಸಿದ ಫೇಸ್ ವೊಕೋಡರ್ ವಿಧಾನವು ಇವೆರಡನ್ನೂ ಬೇರ್ಪಡಿಸುವ ದಾರಿಯನ್ನು ತೋರಿತು. ಉಚಿತವಾಗಿ ದೊರೆಯುವ ಆಡಾಸಿಟಿ ಎಂಬ ತಂತ್ರಾಂಶದಲ್ಲಿಯೂ ಈಗ ಶ್ರುತಿ ಕೆಡದಂತೆ ಗತಿಯನ್ನು ಬದಲಿಸಬಹುದು. ಹಾಗೆಂದು ಇದು ನಿರಪಾಯವೆಂದು ತಿಳಿಯಲಾಗದು: ಹೆಚ್ಚಾಗಿ ಎಳೆದಷ್ಟೂ ದಮ್ಮಡಿಯ ಪೆಟ್ಟು ತನ್ನ ಮೊನೆಯನ್ನು ಕಳೆದುಕೊಂಡು ಕದಡುತ್ತದೆ.

ಒಂದೇ ಮೈಕಿನಲ್ಲಿ ಎಲ್ಲವೂ ಸೇರಿ ಮುದ್ರಿತವಾಗಿರುವಾಗ ದಮ್ಮಡಿಯೊಂದನ್ನೇ ಸರಿಸಬಹುದೆಂಬುದು ಇನ್ನೊಂದು ಭ್ರಮೆ. ಪೆಟ್ಟಿನೊಡನೆ ಆ ಕ್ಷಣದ ದನಿಯೂ ಸರಿಯುತ್ತದೆ. ವಾದ್ಯಗಳನ್ನು ಬೇರೆ ಮಾಡಿಕೊಡುವ ಹೊಸ ತಂತ್ರಾಂಶಗಳುಂಟಾದರೂ, ಒಂದರ ಚೂರು ಇನ್ನೊಂದರಲ್ಲಿ ಉಳಿಯುವುದು ಸಾಮಾನ್ಯ. ಶಬ್ದವು ಸೆಕೆಂಡಿಗೆ ಸುಮಾರು 343 ಮೀಟರ್ ಸಾಗುವುದರಿಂದ, ಮೂರೂವರೆ ಮೀಟರ್ ದೂರದ ಮೈಕಿಗೆ ಪೆಟ್ಟು 10 ಮಿಲಿಸೆಕೆಂಡ್ ತಡವಾಗಿ ತಲಪುವುದೂ ಸಹಜವೇ ಹೊರತು ನುಡಿಸಿದವನ ಅಪರಾಧವಲ್ಲ. ನಿಜವಾಗಿಯೂ ತಾಳ ತಪ್ಪಿದ ನುಡಿಯೊಂದು ಉಳಿದಿದ್ದರೆ, ಹಾಡಿದವರು ಅದೇ ಊರಿನಲ್ಲಿರುವಾಗ ಅವರನ್ನು ಕರೆದು, ಅದೇ ಶ್ರುತಿಯಲ್ಲಿ, ಮೈಕನ್ನು ಅದೇ ದೂರದಲ್ಲಿರಿಸಿ, ಆ ನುಡಿಯಷ್ಟನ್ನು ಮತ್ತೊಮ್ಮೆ ಹಾಡಿಸಿ ಜೋಡಿಸುವುದು ಎಲ್ಲಕ್ಕಿಂತ ಸುಲಭ.