ಹೊಗೆಗೂಡಿನ ಸೆಳೆತ

ಸಂಸ್ಮರಣ ಸಂಚಿಕೆಯೊಂದರಲ್ಲಿ ಒಲೆಯ ಹೊಗೆಯನ್ನು ಕುರಿತು ಲೇಖನವೇ ಎಂದು ವಾಚಕರು ಹುಬ್ಬೇರಿಸಬಹುದು. ಆದರೆ ನಮ್ಮ ಬೀದರ ಜಿಲ್ಲೆಯ ಮಠಮಾನ್ಯಗಳ ಆಶ್ರಯದಲ್ಲಿ ಬೆಳೆದ ವಿದ್ಯಾಸಂಸ್ಥೆಗಳಲ್ಲಿ ಪಾಠದ ಕೋಣೆಯಷ್ಟೇ ಹಳೆಯದು ಪ್ರಸಾದ ನಿಲಯದ ಅಡುಗೆಮನೆ. ಅಲ್ಲಿ ಉಂಡು ಬೆಳೆದ ಹಳೆಯ ವಿದ್ಯಾರ್ಥಿಗಳು ಪ್ರಸಾದದ ರುಚಿಯನ್ನು ಇಂದಿಗೂ ಸ್ಮರಿಸುತ್ತಾರೆ. ಅದನ್ನು ಬೇಯಿಸಿದವರ ಕೆಂಪೇರಿದ ಕಣ್ಣುಗಳನ್ನೂ ನಿಲ್ಲದ ಕೆಮ್ಮನ್ನೂ ಸ್ಮರಿಸುವವರು ವಿರಳ. ಅಡುಗೆ ಅನಿಲ ಬಂದ ಮೇಲೂ ಜಾತ್ರೆ, ಶಿಬಿರ, ಪುಣ್ಯಸ್ಮರಣೆಗಳಂಥ ಸಂದರ್ಭಗಳಲ್ಲಿ ಸಾವಿರಾರು ಜನರ ಅಡುಗೆಗೆ ಸೌದೆಯ ದೊಡ್ಡ ಒಲೆಗಳೇ ಗತಿ. ಮನೆಯೊಳಗಿನ ಒಲೆಹೊಗೆಯಿಂದ 2020ರಲ್ಲಿ ಜಗತ್ತಿನಾದ್ಯಂತ ಸುಮಾರು 32 ಲಕ್ಷ ಜನ ಅಕಾಲ ಮರಣಕ್ಕೆ ತುತ್ತಾದರೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಆದುದರಿಂದ ವಿಷಯ ಅಲ್ಪವೆಂದು ತಳ್ಳಿಹಾಕುವಂತಿಲ್ಲ.

ದೊಡ್ಡ ಒಲೆಗೆ ಹೊಗೆಗೂಡನ್ನು ಕಟ್ಟಿಸಿದರೆ ಹೊಗೆಯ ಪೀಡೆ ತೀರಿತೆಂದು ಸಾಮಾನ್ಯ ನಂಬಿಕೆ. ಕಟ್ಟಿಸಿದ ಮೇಲೂ ಹೊಗೆ ಒಳಗೇ ತಿರುಗಿದರೆ, ಗೂಡು ಗಿಡ್ಡವಾಯಿತು, ಇನ್ನೂ ನಾಲ್ಕು ಅಡಿ ಏರಿಸಬೇಕು ಎಂಬುದೇ ಎಲ್ಲರ ಮೊದಲ ಸಲಹೆ. ವಿಜ್ಞಾನದ ಉಪಾಧ್ಯಾಯನಾಗಿದ್ದ ನಾನೂ ಒಮ್ಮೆ ಅದೇ ಸಲಹೆಯನ್ನು ಕೊಟ್ಟು, ದಾನಿಯೊಬ್ಬರ ಹಣವನ್ನು ವ್ಯರ್ಥಗೊಳಿಸಿದವನು. ಆ ಅನುಭವವೇ ಈ ಬರಹಕ್ಕೆ ಕಾರಣ.

ಮೊದಲು ಸೆಳೆತವೆಂದರೇನು ಎಂಬುದನ್ನು ನೋಡೋಣ. ನಮ್ಮ ಕಡೆ ಚಿಮಣಿ ಎಂದರೆ ಸೀಮೆಎಣ್ಣೆಯ ಬುಡ್ಡಿ. ಇಂಗ್ಲಿಷಿನಲ್ಲಿ ಆ ಶಬ್ದಕ್ಕೆ ಹೊಗೆಗೂಡೆಂಬ ಅರ್ಥವೂ ಇದೆ, ಕಂದೀಲಿನ ಗಾಜೆಂಬ ಅರ್ಥವೂ ಇದೆ. ಈ ಶಬ್ದಸಾಮ್ಯ ಅರ್ಥಹೀನವಲ್ಲ. ಉರಿಯುವ ಕಂದೀಲಿನ ಗಾಜನ್ನು ತೆಗೆದೊಡನೆ ಜ್ವಾಲೆ ಕೆಂಪಾಗಿ ಮಸಿ ಕಾರತೊಡಗುತ್ತದೆ. ಗಾಜನ್ನು ಮರಳಿ ಇಟ್ಟರೆ ಉರಿ ಬೆಳ್ಳಗೆ ನಿಲ್ಲುತ್ತದೆ. ಗಾಜಿನೊಳಗಿನ ಬಿಸಿಗಾಳಿ ಹಗುರಾಗಿ ಮೇಲೇರುತ್ತದೆ, ಅದರ ಸ್ಥಾನವನ್ನು ತುಂಬಲು ಕೆಳಗಿನಿಂದ ಹೊಸಗಾಳಿ ನುಗ್ಗುತ್ತದೆ. ಹೊಗೆಗೂಡಿನಲ್ಲಿ ನಡೆಯುವುದೂ ಇಷ್ಟೇ. ಗೂಡು ತಾನಾಗಿ ಏನನ್ನೂ ಎಳೆಯುವುದಿಲ್ಲ. ಹೊರಗಿನ ತಣ್ಣನೆಯ ಗಾಳಿಯ ಭಾರವೇ ಒಳಗಿನ ಹಗುರ ಗಾಳಿಯನ್ನು ಮೇಲಕ್ಕೆ ದೂಡುತ್ತದೆ.

ಈ ದೂಡುವ ಬಲ ಎಷ್ಟು ಸಣ್ಣದೆಂಬುದನ್ನು ಲೆಕ್ಕ ಹಾಕಿದರೆ ಆಶ್ಚರ್ಯವಾಗುತ್ತದೆ. ಸಮುದ್ರಮಟ್ಟದಿಂದ ಸುಮಾರು 2200 ಅಡಿ ಎತ್ತರದಲ್ಲಿರುವ ಬೀದರದಲ್ಲಿ, 30 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ಒಂದು ಘನಮೀಟರ್ ಗಾಳಿ ಸುಮಾರು 1.08 ಕಿಲೋಗ್ರಾಂ ತೂಗುತ್ತದೆ. ಅದೇ ಗಾಳಿ 200 ಡಿಗ್ರಿಗೆ ಕಾದರೆ ಅದರ ತೂಕ 0.69 ಕಿಲೋಗ್ರಾಂ. ಹದಿನೆಂಟು ಅಡಿ ಎತ್ತರದ ಗೂಡು ಪೂರ್ತಿ ಇಂಥ ಬಿಸಿಗಾಳಿಯಿಂದ ತುಂಬಿದ್ದರೂ ಸೆಳೆತದ ಒತ್ತಡ ಸುಮಾರು 2 ಮಿಲಿಮೀಟರ್ ಎತ್ತರದ ನೀರಿನ ಒತ್ತಡಕ್ಕೆ ಸಮ. ಗೂಡಿನೊಳಗಿನ ಉಷ್ಣತೆ 70 ಡಿಗ್ರಿಯಷ್ಟೇ ಇದ್ದರೆ ಅದು ಒಂದು ಮಿಲಿಮೀಟರನ್ನೂ ಮುಟ್ಟದು. ಇಷ್ಟು ಕ್ಷೀಣವಾದ ಬಲವನ್ನು ಕೆಡಿಸಲು ಸಣ್ಣ ಬಿರುಕೊಂದು, ಮುಚ್ಚಿದ ಬಾಗಿಲೊಂದು ಸಾಕು. ಎತ್ತರವನ್ನು ಇಮ್ಮಡಿಗೊಳಿಸಿದರೆ ಗಾಳಿಯ ವೇಗ ಇಮ್ಮಡಿಯಾಗುವುದೂ ಇಲ್ಲ. ಘರ್ಷಣೆಯನ್ನೂ ತಣಿಯುವಿಕೆಯನ್ನೂ ಬಿಟ್ಟು ಲೆಕ್ಕ ಹಾಕಿದರೂ ಅದು ಒಂದೂವರೆ ಪಟ್ಟಿನೊಳಗೇ ಉಳಿಯುತ್ತದೆ.

ನಾನು ಹೇಳಹೊರಟ ಅಡುಗೆಮನೆ ಬೀದರದ ಕೆಂಪು ಕಲ್ಲಿನ ದಪ್ಪ ಗೋಡೆಗಳದು. ಎರಡು ದೊಡ್ಡ ಒಲೆಗಳು, ಎರಡಕ್ಕೂ ಬೇರೆ ಬೇರೆ ಗೂಡುಗಳು. ಮೊದಲನೆಯದನ್ನು ನಸುಕಿನಲ್ಲಿಯೂ, ಎರಡನೆಯದನ್ನು ಸಂಜೆಯ ಪ್ರಸಾದಕ್ಕಾಗಿ ಮಧ್ಯಾಹ್ನ ಮೂರು ಗಂಟೆಗೂ ಹೊತ್ತಿಸುತ್ತಿದ್ದರು. ಎರಡನೆಯ ಒಲೆ ಬೇಸಿಗೆಯ ತಿಂಗಳುಗಳಲ್ಲಿ ಮೊದಲ ಅರ್ಧ ಗಂಟೆ ಅಡುಗೆಮನೆಯನ್ನೆಲ್ಲ ಹೊಗೆಯಿಂದ ತುಂಬುತ್ತಿತ್ತು. ನನ್ನ ಸಲಹೆಯಂತೆ ಅದರ ಗೂಡನ್ನು ಐದು ಅಡಿ ಏರಿಸಿದರು. ಹೊಗೆ ಕಡಿಮೆಯಾಗಲಿಲ್ಲ, ತುಸು ಹೆಚ್ಚಾಯಿತೆಂದೇ ಅಡುಗೆಯವರು ದೂರಿದರು. ಮಕ್ಕಳೆಲ್ಲ ಅವ್ವ ಎಂದು ಕರೆಯುತ್ತಿದ್ದ ಹಿರಿಯ ಅಡುಗೆಯಾಕೆ ಒಂದು ದಿನ ನನ್ನನ್ನು ನಿಲ್ಲಿಸಿ, “ಮಾಸ್ತರ, ಹಬ್ಬದಾಗ ಇದೇ ಒಲಿ ಮುಂಜಾನಿ ಹಚ್ಚಿದ್ರ ಹೊಗಿ ಮ್ಯಾಲ ಹೋಗ್ತದ. ಮಧ್ಯಾನ ಹಚ್ಚಿದ್ರ ನಮ್ಮ ಕಣ್ಣಿಗೇ ಬರ್ತದ. ಗೂಡು ಗಿಡ್ಡಿದ್ರ ಎರಡೂ ಹೊತ್ತು ಗಿಡ್ಡೇ ಇರಬೇಕಲ್ಲ?” ಎಂದು ಕೇಳಿದರು. ನನ್ನ ಪದವಿಗಿಂತ ಆಕೆಯ ತರ್ಕ ಮೇಲಾಗಿತ್ತು.

ಮರುದಿನ ಮಧ್ಯಾಹ್ನ ಒಲೆ ಹೊತ್ತಿಸುವ ಮೊದಲೇ ಊದುಬತ್ತಿಯೊಂದನ್ನು ಒಲೆಯ ಬಾಯಿಗೆ ಹಿಡಿದು ನೋಡಿದೆ. ಅದರ ಹೊಗೆ ಒಳಗೆ ಹೋಗಲಿಲ್ಲ. ಒಲೆಯೊಳಗಿನಿಂದ ಬರುವ ಗಾಳಿ ಅದನ್ನು ನನ್ನ ಮುಖದ ಕಡೆಗೆ ತಳ್ಳಿತು. ಕಾರಣ ಸರಳ. ಹೊರಗೆ ಬಿಸಿಲು 42 ಡಿಗ್ರಿ. ಗೂಡಾದರೋ ಉತ್ತರದ ದಪ್ಪ ಗೋಡೆಯೊಳಗೆ ಅಡಗಿ, ಅದರೊಳಗಿನ ಗಾಳಿ ಇನ್ನೂ 32 ಡಿಗ್ರಿಯ ಹತ್ತಿರ ತಣ್ಣಗಿತ್ತು. ಹೊರಗಿನದಕ್ಕಿಂತ ಒಳಗಿನ ಗಾಳಿಯೇ ಭಾರವಾಗಿ ಕೆಳಗೆ ಸುರಿಯುತ್ತಿತ್ತು. ನಾವು ಏರಿಸಿದ ಐದು ಅಡಿ ಆ ಇಳಿಗಾಳಿಗೇ ಬಲ ಕೊಟ್ಟಿತ್ತು! ನಸುಕಿನಲ್ಲಿ ಹೊರಗಿನ ಗಾಳಿ ತಂಪು, ಗೋಡೆ ಬೆಚ್ಚಗೆ. ಆಗ ಸೆಳೆತ ಮೇಲ್ಮುಖ. ಸಿಡಿಲಿನ ಪ್ರಯೋಗಗಳಿಂದ ಪ್ರಸಿದ್ಧನಾದ ಬೆಂಜಮಿನ್ ಫ್ರಾಂಕ್ಲಿನ್ 1758ರಲ್ಲಿ ಸ್ನೇಹಿತನಿಗೆ ಬರೆದ ಪತ್ರದಲ್ಲಿ ಇದನ್ನೇ ವರ್ಣಿಸಿದ್ದಾನೆ. ಬೇಸಿಗೆಯಲ್ಲಿ ಬೆಂಕಿಯಿಲ್ಲದ ಗೂಡಿನಲ್ಲಿ ಸಂಜೆಯಿಂದ ಮರುದಿನ ಮುಂಜಾನೆಯವರೆಗೆ ಗಾಳಿ ಏರುತ್ತದೆ, ಹಗಲಿನಲ್ಲಿ ಇಳಿಯುತ್ತದೆ ಎಂದು ಅವನು ಕಂಡುಕೊಂಡಿದ್ದ.

ಪರಿಹಾರಕ್ಕೆ ಖರ್ಚೇ ಬೇಕಾಗಲಿಲ್ಲ. ಗೂಡಿನ ಬುಡದಲ್ಲಿ ಮಸಿ ತೆಗೆಯಲೆಂದು ಬಿಟ್ಟಿದ್ದ ಸಣ್ಣ ಬಾಗಿಲನ್ನು ತೆರೆದು, ಒಣಗಿದ ತೊಗರಿ ಕಟ್ಟಿಗೆಯ ಒಂದು ಹಿಡಿಯನ್ನು ಅಲ್ಲಿಯೇ ಉರಿಸಿ, ಬಾಗಿಲು ಮುಚ್ಚಿ, ಸೆಳೆತ ಮೇಲ್ಮುಖವಾದುದನ್ನು ಊದುಬತ್ತಿಯಿಂದ ಖಚಿತಪಡಿಸಿಕೊಂಡು ಅನಂತರ ಒಲೆ ಹೊತ್ತಿಸುವುದು. ಮೊದಲ ಕಾಲು ಗಂಟೆ ದಪ್ಪ ಕೊರಡುಗಳನ್ನು ಹಾಕದೆ ಸಣ್ಣ ಒಣ ಕಟ್ಟಿಗೆಯಿಂದಲೇ ಉರಿ ಎಬ್ಬಿಸುವುದು. ಅವ್ವನವರು ಈ ಕ್ರಮವನ್ನು ಒಂದೇ ದಿನದಲ್ಲಿ ಕಲಿತರು. ನನಗೆ ಅರ್ಥವಾಗಲು ಎರಡು ಬೇಸಿಗೆಗಳು ಬೇಕಾಗಿದ್ದವು.

ಅದೇ ವರ್ಷದ ಆಷಾಢದಲ್ಲಿ ಬೇರೆ ವ್ಯಾಧಿ ತಲೆದೋರಿತು. ಈ ಸಲ ಎರಡೂ ಒಲೆಗಳು, ಹೊತ್ತು ಗೊತ್ತಿಲ್ಲದೆ, ನಡುನಡುವೆ ಹೊಗೆಯನ್ನು ಹೊರಗೆ ಉಗುಳತೊಡಗಿದವು. ಅಡುಗೆಮನೆಯ ಪಡುವಲಿಗೆ ಎರಡಂತಸ್ತಿನ ಹೊಸ ತರಗತಿ ಕೋಣೆಗಳು ಎದ್ದುನಿಂತಿದ್ದವು. ಮುಂಗಾರಿನ ಪಡುವಣ ಗಾಳಿ ಆ ಕಟ್ಟಡವನ್ನು ದಾಟಿ ಬರುವಾಗ ಸುಳಿಸುಳಿಯಾಗಿ ಗೂಡಿನ ನೆತ್ತಿಯ ಮೇಲೆ ಬೀಳುತ್ತಿತ್ತು. ಗಂಟೆಗೆ 36 ಕಿಲೋಮೀಟರ್ ವೇಗದ ಗಾಳಿಯ ಒತ್ತಡ 5 ಮಿಲಿಮೀಟರ್ ನೀರಿಗಿಂತ ಹೆಚ್ಚು. ಅದರ ಎದುರು ನಮ್ಮ 2 ಮಿಲಿಮೀಟರಿನ ಸೆಳೆತ ಎಲ್ಲಿ ನಿಂತೀತು? ಗೂಡಿನ ತುದಿ ಚಾವಣಿಯನ್ನು ದಾಟಿ ಕನಿಷ್ಠ 3 ಅಡಿ ಮೇಲಿರಬೇಕು, ಸುತ್ತ 10 ಅಡಿಯೊಳಗಿನ ಯಾವುದೇ ಗೋಡೆ ಮಾಳಿಗೆಗಳಿಗಿಂತ 2 ಅಡಿ ಎತ್ತರವಾಗಿರಬೇಕು ಎಂಬುದು ಹೊಗೆಗೂಡು ಕಟ್ಟುವವರ ರೂಢಿಯ ನಿಯಮ. ಬೇಸಿಗೆಯಲ್ಲಿ ನಿರರ್ಥಕವಾದ ಎತ್ತರ ಇಲ್ಲಿ ಬೇಕಾಗಿತ್ತು. ಆದರೆ ದೊಡ್ಡ ಕಟ್ಟಡ ಹತ್ತಿರದಲ್ಲಿದ್ದರೆ ಈ ನಿಯಮವೂ ಸಾಲದು. ಕೊನೆಗೆ ಗೂಡುಗಳ ನೆತ್ತಿಗೆ, ಗಾಳಿ ಯಾವ ದಿಕ್ಕಿನಿಂದ ಬಂದರೂ ಹೊಗೆ ಎದುರುಬದಿಗೆ ಹೊರಬೀಳುವಂತೆ ತಗಡಿನ ಟೊಪ್ಪಿಗೆಗಳನ್ನು ಹಾಕಿಸಿದೆವು. ಇಂಥ ಟೊಪ್ಪಿಗೆಗೂ ಗೂಡಿನ ಬಾಯಿಗೂ ನಡುವೆ ಧಾರಾಳ ಅಂತರವಿರಬೇಕು. ಮಳೆ ಬೀಳಬಾರದೆಂದು ಟೊಪ್ಪಿಗೆಯನ್ನು ಬಾಯಿಗೆ ಒತ್ತಿ ಕೂರಿಸಿ, ಹೊಗೆಯ ದಾರಿಯನ್ನೇ ಮುಚ್ಚಿದ ಗೂಡುಗಳನ್ನು ಭಾಲ್ಕಿ, ಔರಾದ ಕಡೆಯ ಹಳ್ಳಿಗಳಲ್ಲಿ ನಾನು ಎಷ್ಟೋ ಕಂಡಿದ್ದೇನೆ. ಕಟ್ಟಡದಾನಕ್ಕೆ ಮುಂದಾಗುವ ಮಹನೀಯರೂ ನಕ್ಷೆ ಬರೆಯುವವರೂ ಅಡುಗೆಮನೆ ಗಾಳಿಯ ಯಾವ ಬದಿಗಿದೆ ಎಂಬುದನ್ನು ಒಮ್ಮೆ ಗಮನಿಸಿದರೆ ಉಪಕಾರವಾದೀತು.

ಚಳಿಗಾಲದಲ್ಲಿ ಮೂರನೆಯ ಪ್ರಸಂಗ. ಅಡುಗೆಯವರ ಕಷ್ಟವನ್ನು ನೋಡಲಾರದೆ ಭಕ್ತರೊಬ್ಬರು ಹೊಗೆಯನ್ನು ಹೊರದೂಡುವ ವಿದ್ಯುತ್ ಪಂಖವನ್ನು ಗೋಡೆಗೆ ಕೂರಿಸಿಕೊಟ್ಟರು. ನಸುಕಿನ ಚಳಿಗೆ ಬಾಗಿಲು ಕಿಟಕಿಗಳೆಲ್ಲ ಮುಚ್ಚಿದ್ದವು. ಪಂಖ ತಿರುಗಿದೊಡನೆ ಒಲೆಗಳ ಹೊಗೆ ಧಾರಾಕಾರವಾಗಿ ಕೋಣೆಗೆ ನುಗ್ಗಿತು. ಪಂಖ ಹೊರದೂಡಿದ ಗಾಳಿಗೆ ಬದಲು ಗಾಳಿ ಎಲ್ಲಿಂದಲಾದರೂ ಬರಲೇಬೇಕಷ್ಟೆ? ತೆರೆದಿದ್ದ ಏಕೈಕ ದಾರಿ ಹೊಗೆಗೂಡೇ. 1785ರಲ್ಲಿ ಹೊಗೆಯಾಡುವ ಗೂಡುಗಳನ್ನು ಕುರಿತು ಬರೆದ ದೀರ್ಘ ಪತ್ರದಲ್ಲಿ ಫ್ರಾಂಕ್ಲಿನ್, ಹೊಸ ಮನೆಗಳಲ್ಲಿ ಹೊಗೆ ತುಂಬಲು ಗಾಳಿಯ ಕೊರತೆಯೇ ಕಾರಣವೆಂದು ಹೇಳಿದ್ದಾನೆ. ಒಲೆಯ ಬಾಯಿಯ ಹತ್ತಿರ, ನೆಲಮಟ್ಟದಲ್ಲಿ, ಹೊರಗಿನ ಗಾಳಿ ಸದಾ ಬರುವಂತೆ ಗೋಡೆಯಲ್ಲಿ ಒಂದು ಕಂಡಿಯನ್ನು ತೆರೆದು ಜಾಳಿಗೆ ಹಾಕಿದೆವು. ಪಂಖವನ್ನು ಊಟದ ಪಡಸಾಲೆಗೆ ವರ್ಗಾಯಿಸಿದೆವು. ದಾನಿಗಳು ಬೇಸರಿಸಲಿಲ್ಲ.

ಋತುಭೇದವಿಲ್ಲದೆ ಎಲ್ಲ ಒಲೆಗಳನ್ನೂ ಕಾಡುವ ದೋಷ ಮತ್ತೊಂದಿದೆ, ಅದು ಸೋರಿಕೆ. ಹಂಡೆಗೂ ಒಲೆಯ ಕಣ್ಣಿಗೂ ನಡುವೆ ಎರಡು ಬೆರಳು ಸಂದಿಯಿದ್ದರೆ, ಗೂಡು ಆ ಸಂದಿಯಿಂದ ತಣ್ಣನೆಯ ಗಾಳಿಯನ್ನು ಒಳಗೆಳೆದುಕೊಂಡು ತಾನೇ ತಣ್ಣಗಾಗುತ್ತದೆ. ಉರಿಯ ಮೂಲಕ ಬರಬೇಕಾದ ಗಾಳಿ ಕಡಿಮೆಯಾಗಿ, ಬೆಂಕಿ ಮಂಕಾಗಿ, ಹೊಗೆ ಬಾಯಿಂದಲೇ ಹೊರಬೀಳುತ್ತದೆ. ಗೂಡಿನ ಗೋಡೆಯ ಬಿರುಕು, ಸರಿಯಾಗಿ ಮುಚ್ಚದ ಮಸಿಬಾಗಿಲು, ಉರಿಯದ ಇನ್ನೊಂದು ಒಲೆಯನ್ನು ಅದೇ ಗೂಡಿಗೆ ಜೋಡಿಸಿರುವುದು, ಇವೆಲ್ಲ ಇದೇ ಜಾತಿಯವು. ಮಣ್ಣಿಗೆ ಹೊಟ್ಟು ಕಲಸಿ ಮೆತ್ತಿ, ಪ್ರತಿಯೊಂದು ಹಂಡೆಗೂ ಹೊಂದುವ ಕಬ್ಬಿಣದ ಬಳೆಯನ್ನು ಒಲೆಯ ಕಣ್ಣಿಗೆ ಕೂರಿಸಿದರೆ ಅರ್ಧ ರೋಗ ವಾಸಿಯಾಗುತ್ತದೆ.

ಈ ತತ್ವವನ್ನು ನಮ್ಮ ದೇಶದಲ್ಲಿ ಬಲ್ಲವರು ಮೊದಲೇ ಕಂಡಿದ್ದರು. ಬೀದರ ಇನ್ನೂ ಹೈದರಾಬಾದ್ ರಾಜ್ಯಕ್ಕೆ ಸೇರಿದ್ದ ಕಾಲದಲ್ಲಿಯೇ ಹೈದರಾಬಾದ್ ಎಂಜಿನಿಯರಿಂಗ್ ಸಂಶೋಧನಾಲಯದ ಡಾ. ಎಸ್. ಪಿ. ರಾಜು ಅವರು ಗೂಡುಳ್ಳ ಹೊಗೆರಹಿತ ಒಲೆಯನ್ನು ರೂಪಿಸಿ, 1953ರಲ್ಲಿ ಅದರ ಬಗೆಗೆ ಪುಸ್ತಕವನ್ನೂ ಪ್ರಕಟಿಸಿದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರದ ವಿಜ್ಞಾನಿಗಳು 1980ರ ದಶಕದ ಆರಂಭದಲ್ಲಿ ಮೂರು ಪಾತ್ರೆಗಳ ಅಸ್ತ್ರ ಒಲೆಯನ್ನು ನಾಡಿಗೆ ನೀಡಿದರು. ಜಾಳಿಗೆಯ ಮೇಲೆ ಉರಿಯುವ ಸೌದೆ, ಕೆಳಗಿನಿಂದ ಅಳತೆಯಾಗಿ ಬರುವ ಗಾಳಿ, ಸಂದಿಯಿಲ್ಲದೆ ಕೂರುವ ಪಾತ್ರೆಗಳು ಅದರ ಜೀವಾಳ. 1983ರ ಸುಮಾರಿಗೆ ಕೇಂದ್ರ ಸರ್ಕಾರವೂ ಸುಧಾರಿತ ಒಲೆಗಳ ರಾಷ್ಟ್ರೀಯ ಕಾರ್ಯಕ್ರಮವನ್ನು ಕೈಗೊಂಡು 2002ರವರೆಗೆ ನಡೆಸಿತು. ಇಂಥ ಒಲೆಗಳ ಗುಣ ಅಳತೆಯಲ್ಲಿದೆ. ತಮ್ಮ ಹಂಡೆಗೆ ಹೊಂದಲಿ ಎಂದು ಕಣ್ಣನ್ನು ಒಡೆದು ಅಗಲಿಸಿದ ದಿನವೇ ಒಲೆ ಹಳೆಯ ಒಲೆಯಾಗುತ್ತದೆ.

ಸೌದೆಯ ವಿಷಯವಾಗಿ ಒಂದೆರಡು ಮಾತು. ಆಗತಾನೇ ಕಡಿದ ಹಸಿಮರದ ತೂಕದಲ್ಲಿ ಅರ್ಧದಷ್ಟು ನೀರೇ ಇರಬಹುದು. ನೀರನ್ನು ಕುದಿಯುವವರೆಗೆ ಕಾಯಿಸಲು ಬೇಕಾಗುವ ಶಾಖಕ್ಕಿಂತ ಆರು ಪಟ್ಟಿಗೂ ಮಿಕ್ಕ ಶಾಖ ಅದನ್ನು ಆವಿಯಾಗಿಸಲು ಬೇಕು. ಆ ಶಾಖವೆಲ್ಲ ಹಂಡೆಗೂ ಇಲ್ಲ, ಗೂಡಿಗೂ ಇಲ್ಲ. ತಣ್ಣನೆಯ ಗೂಡಿನ ಗೋಡೆಗೆ ಆ ಹಸಿಹೊಗೆ ಅಂಟಿ ಡಾಂಬರಿನಂಥ ಕಪ್ಪು ಜಿಡ್ಡಾಗುತ್ತದೆ. ಆರು ಅಂಗುಲ ವ್ಯಾಸದ ಗೂಡಿನಲ್ಲಿ ಸುತ್ತಲೂ ಒಂದು ಅಂಗುಲ ಮಸಿ ಕೂತರೆ ದಾರಿಯ ವಿಸ್ತಾರ ಅರ್ಧಕ್ಕಿಂತ ಕಡಿಮೆಯಾಗುತ್ತದೆ. ಆ ಜಿಡ್ಡಿಗೆ ಕಿಡಿ ತಗುಲಿದರೆ ಗೂಡೇ ಹೊತ್ತಿ ಉರಿಯುವ ಅಪಾಯವೂ ಉಂಟು. ತಗಡಿನ ಚಾವಣಿಯ ಮರದ ತೊಲೆಗಳನ್ನು ಗೂಡಿಗೆ ತಾಗಿಸಿ ಕಟ್ಟಕೂಡದೆಂಬುದು ಇದಕ್ಕಾಗಿಯೇ. ಹಿಂದೆ ಬಳಕೆಯಲ್ಲಿದ್ದ ಆಸ್ಬೆಸ್ಟಾಸ್ ಸಿಮೆಂಟಿನ ಕೊಳವೆಗಳು ಶಾಖಕ್ಕೆ ಸೀಳುತ್ತವೆ, ಅವುಗಳ ಧೂಳು ಶ್ವಾಸಕೋಶಕ್ಕೆ ವಿಷ. ಇನ್ನೂ ಉಳಿದಿದ್ದರೆ ಒಡೆಯದಂತೆ ಎಚ್ಚರದಿಂದ ತೆಗೆಸಿ, ಇಟ್ಟಿಗೆಯ ಗೂಡು ಕಟ್ಟಿಸುವುದು ಒಳಿತು.

ಮತ್ತೊಂದು ಮಾತನ್ನು ಅಡುಗೆಮನೆಯಲ್ಲಿಯೇ ಮಲಗುವವರಿಗೆ ಹೇಳಲೇಬೇಕು. ಶಾಖ ಉಳಿಯಲೆಂದು ಕೆಂಡವಿರುವಾಗಲೇ ಗೂಡಿನ ದಾರಿಯನ್ನು ತಗಡಿನಿಂದ ಪೂರ್ತಿ ಮುಚ್ಚುವ ಅಭ್ಯಾಸ ಕೆಲವೆಡೆ ಇದೆ. ಕೆಂಡದಿಂದ ಹೊರಡುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಮುಚ್ಚಿದ ಕೋಣೆಯಲ್ಲಿ ನಿದ್ರೆಯಲ್ಲಿರುವವನನ್ನು ಅದು ಎಚ್ಚರಗೊಳಿಸದೆ ಕೊಲ್ಲಬಲ್ಲದು. ಕಣ್ಣುರಿಸುವ ಹೊಗೆಯಾದರೂ ಎಚ್ಚರಿಸುತ್ತದೆ.

ಆ ಪ್ರಸಾದ ನಿಲಯದಲ್ಲಿ ಈಗ ನಿತ್ಯದ ಅಡುಗೆ ಅನಿಲದ ಮೇಲೆ ನಡೆಯುತ್ತದೆ. ಎರಡು ಒಲೆಗಳನ್ನು ಜಾತ್ರೆಗೆಂದು ಉಳಿಸಿಕೊಂಡಿದ್ದಾರೆ. ಜಾತ್ರೆಗೆ ಎಂಟು ದಿನ ಮುಂಚೆ ಹಗ್ಗಕ್ಕೆ ಜಾಲಿಮುಳ್ಳಿನ ಕಂತೆ ಕಟ್ಟಿ ಗೂಡಿನೊಳಗೆ ಮೇಲೆ ಕೆಳಗೆ ಎಳೆದು, ಬುಡದ ಬಾಗಿಲಿನಿಂದ ಮಸಿಯನ್ನು ಹೊರತೆಗೆಯುತ್ತಾರೆ. ಕಳೆದ ಸಲ ನಾನು ಹೋದಾಗ ಎರಡು ಗೂಡುಗಳಿಂದ ಮೂರು ಬುಟ್ಟಿ ಮಸಿ ಹೊರಬಿದ್ದಿತ್ತು, ಅವ್ವನವರ ಸೊಸೆ ಊದುಬತ್ತಿ ಹಿಡಿದು ಒಲೆಯ ಬಾಯಿಯ ಮುಂದೆ ಕುಳಿತಿದ್ದರು.